ಅಮೆರಿಕದ ಒಂದು ತೀರದಿಂದ ಇನ್ನೊಂದು ತೀರಕ್ಕೆ: ನವದಂಪತಿಗೆ ಟೆಂಟ್, ಮಿನಿವ್ಯಾನ್, ಕ್ಯಾಂಪರ್‌ವ್ಯಾನ್, ಆರ್‌ವಿ ಇವುಗಳಲ್ಲಿ ಯಾವುದು ಸರಿ?

ಮದುವೆ ಮುಗಿಸಿಕೊಂಡು ಅಮೆರಿಕಕ್ಕೆ ಬಂದಿಳಿದ ಜೋಡಿಗಳು, ಇಲ್ಲಿಯೇ ನೆಲೆಸಿದ್ದು ಈಗಷ್ಟೇ ಮದುವೆಯಾದವರು, ಅಟ್ಲಾಂಟಿಕ್ ತೀರದಿಂದ ಪೆಸಿಫಿಕ್ ತೀರದವರೆಗೆ ರಸ್ತೆಯಲ್ಲಿ ಹೋಗಿ ರಾತ್ರಿಗಳನ್ನು ಕ್ಯಾಂಪ್‌ಗ್ರೌಂಡುಗಳಲ್ಲಿ ಕಳೆಯಬೇಕೆಂದು ಮನಸ್ಸು ಮಾಡುವುದು ಈಚೆಗೆ ಹೆಚ್ಚಾಗಿದೆ. ಹೋಗುವುದೆಂದು ತೀರ್ಮಾನವಾದ ಮೇಲೆ ಮಾತು ಸಾಮಾನ್ಯವಾಗಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಮಲಗುವುದು ಯಾವುದರಲ್ಲಿ? ಟೆಂಟಿನಲ್ಲೋ, ಮಿನಿವ್ಯಾನಿನಲ್ಲೋ, ಒಳಗೇ ಹಾಸಿಗೆ, ಅಡುಗೆಕಟ್ಟೆ ಇರುವ ಕ್ಯಾಂಪರ್‌ವ್ಯಾನಿನಲ್ಲೋ, ಚಕ್ರದ ಮೇಲಿನ ಮನೆಯಂತಿರುವ ದೊಡ್ಡ ಆರ್‌ವಿಯಲ್ಲೋ? ಒಬ್ಬರಿಗೆ ನಕ್ಷತ್ರ ಕಾಣುವ ಟೆಂಟ್ ಬೇಕು, ಇನ್ನೊಬ್ಬರಿಗೆ ಚಿಲಕ ಹಾಕಿಕೊಳ್ಳಲು ಒಂದು ಬಾಗಿಲಾದರೂ ಬೇಕು. ಇಬ್ಬರ ಬೇಡಿಕೆಯೂ ನ್ಯಾಯವಾದದ್ದೇ. ಆದ್ದರಿಂದ ಯಾವುದು ಒಳ್ಳೆಯದು ಎಂದು ಕೇಳುವುದಕ್ಕಿಂತ, ನಿಮ್ಮ ದಾರಿ, ರಜೆ ಮತ್ತು ಹಣಕ್ಕೆ ಯಾವುದು ಹೊಂದುತ್ತದೆ ಎಂದು ಅಳೆದು ನೋಡುವುದು ಮೇಲು.

ಅಳೆಯುವ ಮೊದಲು ದೂರದ ಲೆಕ್ಕ ಸ್ಪಷ್ಟವಾಗಿರಬೇಕು. ಬಾಸ್ಟನ್‌ನಿಂದ ಸಿಯಾಟಲ್‌ಗೆ ಹೋಗುವ ಇಂಟರ್‌ಸ್ಟೇಟ್ 90 ಹೆದ್ದಾರಿ ಸುಮಾರು 3,020 ಮೈಲಿ ಉದ್ದವಿದೆ. ನ್ಯೂಜೆರ್ಸಿಯಿಂದ ಸ್ಯಾನ್‌ಫ್ರಾನ್ಸಿಸ್ಕೊವರೆಗಿನ ಇಂಟರ್‌ಸ್ಟೇಟ್ 80 ಸುಮಾರು 2,900 ಮೈಲಿ. ಎಲ್ಲಿಯೂ ಪಕ್ಕಕ್ಕೆ ತಿರುಗದೆ ಹೋದರೂ ಸುಮಾರು ನಲವತ್ತೈದು ಗಂಟೆಗಳ ಚಾಲನೆ ಆಗುತ್ತದೆ. ಸೌತ್ ಡಕೋಟಾದ ಬ್ಯಾಡ್‌ಲ್ಯಾಂಡ್ಸ್, ವಯೋಮಿಂಗ್‌ನ ಯೆಲ್ಲೋಸ್ಟೋನ್, ಯೂಟಾದ ಕೆಂಪು ಕಣಿವೆಗಳು ಇವನ್ನೆಲ್ಲ ಸೇರಿಸಿಕೊಂಡರೆ ಒಂದು ದಿಕ್ಕಿನ ಪ್ರಯಾಣವೇ 4,500 ಮೈಲಿಯ ಹತ್ತಿರ ಬರುತ್ತದೆ. ಹದಿನಾಲ್ಕು ದಿನಗಳ ರಜೆಯಲ್ಲಿ ಇದು ಸಾಧ್ಯ, ಆದರೆ ಬಿಗಿ. ಹತ್ತೇ ದಿನಗಳಿದ್ದರೆ ತೀರದಿಂದ ತೀರಕ್ಕೆ ಎಂಬ ಹಟವನ್ನು ಬಿಟ್ಟು, ಡೆನ್ವರ್‌ಗೋ ಸಾಲ್ಟ್‌ಲೇಕ್ ಸಿಟಿಗೋ ವಿಮಾನದಲ್ಲಿ ಹೋಗಿ, ಅಲ್ಲಿಂದ ವರ್ತುಲವಾಗಿ ಸುತ್ತಿ ಬರುವುದೇ ಜಾಣತನ. ಈ ಲೇಖನದ ಲೆಕ್ಕಗಳು ಹದಿನಾಲ್ಕು ರಾತ್ರಿ ಮತ್ತು 4,500 ಮೈಲಿಯ ಪ್ರವಾಸಕ್ಕೆ ಸಂಬಂಧಿಸಿದವು.

ಯಾವ ಅಳತೆಗೋಲುಗಳು

ಮೊದಲನೆಯದು ಸಂಜೆಯ ಕೆಲಸ. ಆರು ಗಂಟೆ ವಾಹನ ಓಡಿಸಿ ಬಂದ ಮೇಲೆ ಮಲಗುವ ಜಾಗ ಸಿದ್ಧವಾಗಲು, ಅಡುಗೆ ಬೇಯಲು, ಮರುದಿನ ಬೆಳಿಗ್ಗೆ ಎಲ್ಲವನ್ನೂ ಮತ್ತೆ ಕಟ್ಟಿಡಲು ಎಷ್ಟು ಹೊತ್ತು ಹಿಡಿಯುತ್ತದೆ, ಆ ಕೆಲಸ ಇಬ್ಬರಿಗೆ ಹಂಚಿಕೆಯಾಗುತ್ತದೆಯೇ ಎಂಬುದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವರ್ಷಗಳಿಂದ ಜೊತೆಗಿರುವವರಿಗೆ ಇನ್ನೊಬ್ಬರು ದಣಿದಾಗ, ಹಸಿದಾಗ ಹೇಗಿರುತ್ತಾರೆಂಬುದು ತಿಳಿದಿರುತ್ತದೆ. ಹೊಸದಾಗಿ ಮದುವೆಯಾದವರು ಅದನ್ನು ಗಾಳಿಯಲ್ಲಿ ಹಾರಾಡುವ ಟೆಂಟಿನ ಎರಡು ತುದಿ ಹಿಡಿದು ನಿಂತಾಗ ತಿಳಿಯಬೇಕಾಗುತ್ತದೆ. ನನ್ನ ಮಟ್ಟಿಗೆ ಇದು ಹಣಕ್ಕಿಂತಲೂ ಮುಖ್ಯವಾದ ಅಳತೆ.

ಎರಡನೆಯದು, ರಾತ್ರಿ ಎಲ್ಲಿ ನಿಲ್ಲಲು ಅವಕಾಶವಿದೆ ಎಂಬುದು. ಪಶ್ಚಿಮದ ರಾಜ್ಯಗಳಲ್ಲಿ ಒಕ್ಕೂಟ ಸರ್ಕಾರದ ಸಾರ್ವಜನಿಕ ಭೂಮಿ ಅಪಾರವಾಗಿದೆ. ಅದರ ದೊಡ್ಡ ಭಾಗವನ್ನು ನೋಡಿಕೊಳ್ಳುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ಜಾಗಗಳಲ್ಲಿ ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನಗಳವರೆಗೆ ಶುಲ್ಕವಿಲ್ಲದೆ ತಂಗಬಹುದು. ಅಲ್ಲಿ ನೀರಿಲ್ಲ, ಶೌಚಾಲಯವಿಲ್ಲ, ಕಸದ ತೊಟ್ಟಿಯೂ ಇಲ್ಲ. ಪೂರ್ವದಲ್ಲಿಯೂ ನೆಬ್ರಾಸ್ಕ, ಕಾನ್ಸಾಸ್‌ನಂಥ ಬಯಲು ರಾಜ್ಯಗಳಲ್ಲಿಯೂ ಇಂಥ ಭೂಮಿ ಬಹಳ ಕಡಿಮೆ. ಅಲ್ಲೆಲ್ಲ ಸ್ಟೇಟ್ ಪಾರ್ಕುಗಳ ಅಥವಾ ಖಾಸಗಿ ಕ್ಯಾಂಪ್‌ಗ್ರೌಂಡುಗಳನ್ನು ದುಡ್ಡು ಕೊಟ್ಟು ಕಾದಿರಿಸಬೇಕು.

ಮೂರನೆಯದು ಒಟ್ಟು ಖರ್ಚು. ಇಲ್ಲಿ ಒಟ್ಟು ಎಂಬ ಮಾತಿಗೆ ಒತ್ತು ಕೊಡಬೇಕು, ಏಕೆಂದರೆ ಬಾಡಿಗೆ ಜಾಹೀರಾತಿನಲ್ಲಿ ಕಾಣುವ ದಿನದ ದರದಲ್ಲಿ ಮೈಲಿ ಶುಲ್ಕ, ವಿಮೆ, ಬೇರೆ ಊರಿನಲ್ಲಿ ಹಿಂದಿರುಗಿಸುವ ಶುಲ್ಕ ಯಾವುದೂ ಇರುವುದಿಲ್ಲ. ನಾಲ್ಕನೆಯದು ಸ್ನಾನ, ಶೌಚ ಮತ್ತು ಏಕಾಂತ. ಐದನೆಯದು, ವಾಹನವನ್ನು ಇಬ್ಬರೂ ಓಡಿಸಬಲ್ಲರೇ ಎಂಬುದು. ಭಾರತದಿಂದ ಈಗಷ್ಟೇ ಬಂದವರ ಲೈಸೆನ್ಸ್ ಎಷ್ಟು ಕಾಲ ಸಲ್ಲುತ್ತದೆ ಎನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಅದು ಸಲ್ಲುತ್ತದೆ ಎಂದಾದರೂ ರಸ್ತೆಯ ಬಲಬದಿಯಲ್ಲಿ ಓಡಿಸುವ ಮೊದಲ ಅಭ್ಯಾಸವನ್ನು ಇಪ್ಪತ್ತೈದು ಅಡಿಯ ವಾಹನದಲ್ಲಿ ಆರಂಭಿಸಬಾರದು. ಒಬ್ಬರೇ ಓಡಿಸುವುದಾದರೆ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಆಗ ಹದಿನಾಲ್ಕು ದಿನಗಳ ಪ್ರವಾಸ ಹದಿನೆಂಟಕ್ಕೆ ಏರುತ್ತದೆ. ಇಬ್ಬರೂ ಓಡಿಸುವವರಿಗೆ ಒಂದು ಸಣ್ಣ ಅನುಕೂಲವಿದೆ: ಹಲವು ಕಾರು ಬಾಡಿಗೆ ಕಂಪನಿಗಳು ಹೆಚ್ಚುವರಿ ಚಾಲಕರಿಗೆ ವಿಧಿಸುವ ದಿನದ ಶುಲ್ಕವನ್ನು ಗಂಡ ಅಥವಾ ಹೆಂಡತಿಯ ವಿಷಯದಲ್ಲಿ ಬಿಟ್ಟುಬಿಡುತ್ತವೆ. ಕೇಳಿಯೇ ಪಡೆಯಬೇಕು.

ಕಾರು ಮತ್ತು ಟೆಂಟ್

ಎಲ್ಲಕ್ಕಿಂತ ಅಗ್ಗವಾದದ್ದು ಇದೇ. ಗ್ಯಾಲನ್‌ಗೆ 30 ಮೈಲಿ ಕೊಡುವ ಕಾರಿಗೆ 4,500 ಮೈಲಿಗೆ 150 ಗ್ಯಾಲನ್ ಪೆಟ್ರೋಲ್ ಬೇಕು. ಗ್ಯಾಲನ್‌ಗೆ ಮೂರೂವರೆ ಡಾಲರ್ ಎಂದಿಟ್ಟುಕೊಂಡರೆ 525 ಡಾಲರ್. ಕ್ಯಾಂಪ್‌ಗ್ರೌಂಡಿನ ಜಾಗಕ್ಕೆ ರಾತ್ರಿಗೆ ಸರಾಸರಿ 25 ಡಾಲರ್ ಎಂದರೆ 350. ಟೆಂಟ್, ಹಾಸುಗೆ, ಎರಡು ಒಲೆಯ ಸ್ಟೌವ್, ಐಸ್ ಪೆಟ್ಟಿಗೆ ಇವನ್ನೆಲ್ಲ ಹೊಸದಾಗಿ ಕೊಂಡರೂ ಐನೂರು ಡಾಲರ್ ಆಸುಪಾಸಿನಲ್ಲಿ ಮುಗಿಸಬಹುದು, ಮತ್ತು ಅವು ಪ್ರವಾಸದ ನಂತರವೂ ನಿಮ್ಮಲ್ಲಿಯೇ ಉಳಿಯುತ್ತವೆ. ಸ್ವಂತ ಕಾರಿದ್ದರೆ ಹಿಂದಿರುಗುವ ದಾರಿಯ ಪೆಟ್ರೋಲನ್ನೂ ದಿನಗಳನ್ನೂ ಸೇರಿಸಿಕೊಳ್ಳಲು ಮರೆಯಬಾರದು.

ಟೆಂಟಿನ ಇನ್ನೊಂದು ಗುಣವನ್ನು ಜನ ಗಮನಿಸುವುದು ಕಡಿಮೆ. ವಾಹನ ಕೆಟ್ಟರೆ ವಾಹನ ಮಾತ್ರ ಗ್ಯಾರೇಜಿಗೆ ಹೋಗುತ್ತದೆ. ಮನೆ ಬೇರೆ ಕಾರಿನ ಡಿಕ್ಕಿಗೆ ವರ್ಗವಾಗುತ್ತದೆ. ಕ್ಯಾಂಪರ್‌ವ್ಯಾನ್ ಕೆಟ್ಟರೆ ಹಾಸಿಗೆ, ಅಡುಗೆಮನೆ, ಬಟ್ಟೆಬರೆ ಎಲ್ಲವೂ ಒಟ್ಟಿಗೆ ಗ್ಯಾರೇಜು ಸೇರುತ್ತವೆ. ಅಲ್ಲದೆ ಟೆಂಟನ್ನು ಒಂದು ಜಾಗದಲ್ಲಿ ಹೂಡಿ ಇಡೀ ದಿನ ಹಗುರವಾಗಿ ಸುತ್ತಾಡಿ ಬರಬಹುದು. ಪಾರ್ಕುಗಳಲ್ಲಿ ಟೆಂಟಿಗೆ ಮಾತ್ರ ಮೀಸಲಾದ ಜಾಗಗಳು ಸಾಮಾನ್ಯವಾಗಿ ಮರಗಳ ನಡುವೆ, ಜನರೇಟರುಗಳ ಸದ್ದಿನಿಂದ ದೂರ ಇರುತ್ತವೆ.

ಆದರೆ ಸಂಜೆಯ ಕೆಲಸ ಅತ್ಯಂತ ಹೆಚ್ಚಾಗಿರುವುದೂ ಇದರಲ್ಲೇ. ಪ್ರತಿ ರಾತ್ರಿ ಹೊಸ ಜಾಗವಾದರೆ ಹೂಡುವುದು, ಹಾಸುವುದು, ಬೆಳಿಗ್ಗೆ ಇಬ್ಬನಿಯಲ್ಲಿ ನೆನೆದ ಬಟ್ಟೆಯನ್ನು ಮಡಚುವುದು ಸೇರಿ ದಿನಕ್ಕೆ ಒಂದೂವರೆ ಗಂಟೆ ಸಲೀಸಾಗಿ ಹೋಗುತ್ತದೆ. ಮೇ, ಜೂನ್ ತಿಂಗಳುಗಳಲ್ಲಿ ಮಧ್ಯದ ಬಯಲುಗಳಲ್ಲಿ ಗುಡುಗು ಮಳೆ, ಸುಂಟರಗಾಳಿಗಳ ಕಾಲ; ಸಿಡಿಲಿಗೆ ಟೆಂಟ್ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ, ಎದ್ದು ಕಾರಿನೊಳಗೆ ಕೂರಬೇಕಾಗುತ್ತದೆ. ಜುಲೈನಿಂದ ಸೆಪ್ಟೆಂಬರ್ ನಡುವಿನವರೆಗೆ ನೈಋತ್ಯದ ಮರುಭೂಮಿಗಳಲ್ಲಿ ಮಧ್ಯಾಹ್ನದ ಮಳೆ ಒಣ ಹಳ್ಳಗಳನ್ನು ನಿಮಿಷಗಳಲ್ಲಿ ತುಂಬಿಸುತ್ತದೆ, ಹಾಗಾಗಿ ಹಳ್ಳದ ಪಾತ್ರದಲ್ಲಿ ಟೆಂಟ್ ಹೂಡಬಾರದು. ಎತ್ತರ ಏರಿದಂತೆ, ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣಾಂಶ ಇಳಿಯುತ್ತದೆ. ಯೆಲ್ಲೋಸ್ಟೋನ್‌ನ ಕ್ಯಾಂಪ್‌ಗ್ರೌಂಡುಗಳಲ್ಲಿ ಬೇಸಿಗೆಯ ರಾತ್ರಿಯೂ ಹಿಮಬಿಂದುವಿನ ಹತ್ತಿರಕ್ಕೆ ಹೋಗುವುದು ಅಪರೂಪವಲ್ಲ.

ಟೆಂಟನ್ನೇ ಆರಿಸುವುದಾದರೆ ಕೊಳ್ಳುವಾಗ ಎರಡು ವಿಷಯಗಳಲ್ಲಿ ಜಿಪುಣತನ ಬೇಡ. ಇಬ್ಬರ ಟೆಂಟ್ ಎಂದು ಬರೆದಿದ್ದರೆ ಎರಡು ಹಾಸುಗಳು ಒತ್ತಾಗಿ ಹಿಡಿಯುತ್ತವೆ ಎಂದಷ್ಟೇ ಅರ್ಥ. ಬಟ್ಟೆಯ ಚೀಲವೂ ಒಳಗಿರಬೇಕೆಂದರೆ ನಾಲ್ವರ ಟೆಂಟ್ ಬೇಕು. ನೆಲದ ಹಾಸಿನ ಶಾಖನಿರೋಧವನ್ನು ಸೂಚಿಸುವ ಆರ್ ಸಂಖ್ಯೆ ನಾಲ್ಕಕ್ಕಿಂತ ಮೇಲಿರಲಿ, ಏಕೆಂದರೆ ಚಳಿ ನೆಲದಿಂದಲೂ ಬರುತ್ತದೆ, ಮೇಲೆ ಎಷ್ಟು ಹೊದ್ದರೂ ಅದು ನಿಲ್ಲದು. ವಿಮಾನದಲ್ಲಿ ಹೋಗಿ ಅಲ್ಲಿಂದ ಕಾರು ಹಿಡಿಯುವವರು ಸ್ಟೌವ್‌ನ ಗ್ಯಾಸ್ ಡಬ್ಬಿಗಳನ್ನು ಕೊಂಡೊಯ್ಯುವಂತಿಲ್ಲ; ಇಳಿದ ಊರಿನಲ್ಲೇ ಕೊಳ್ಳಬೇಕು.

ಕರಡಿಗಳ ವಿಷಯ ಟೆಂಟಿನವರಿಗೆ ತಮಾಷೆಯಲ್ಲ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಪಾರ್ಕಿನಲ್ಲಿ ರಾತ್ರಿ ಕಾರಿನೊಳಗೆ ಆಹಾರ ಇಡುವುದೂ ನಿಷಿದ್ಧ. ಪ್ರತಿ ಜಾಗದಲ್ಲೂ ಇರುವ ಲೋಹದ ಪೆಟ್ಟಿಗೆಯಲ್ಲಿಯೇ ಆಹಾರ, ಸಾಬೂನು, ಟೂತ್‌ಪೇಸ್ಟ್ ಎಲ್ಲವನ್ನೂ ಇಡಬೇಕು. ಯೆಲ್ಲೋಸ್ಟೋನ್‌ನ ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕಿನಲ್ಲಿ ಗ್ರಿಜ್ಲಿ ಕರಡಿಗಳ ಕಾರಣಕ್ಕೆ ಟೆಂಟುಗಳಿಗೆ ಪ್ರವೇಶವೇ ಇಲ್ಲ. ಇಂಗಿನ ಒಗ್ಗರಣೆ ಹಾಕುವ ಆಸೆಯಿದ್ದರೆ ಮಲಗುವ ಜಾಗದಿಂದ ದೂರ ಹಾಕಿ, ಅಡುಗೆ ಮಾಡಿದ ಬಟ್ಟೆ ಬದಲಿಸಿ ಮಲಗಿ.

ಕಾರಿನ ಮಾಡಿನ ಮೇಲೆ ಬಿಚ್ಚಿಕೊಳ್ಳುವ ರೂಫ್‌ಟಾಪ್ ಟೆಂಟಿನ ಬಗ್ಗೆ ಬಹಳ ಜನ ಕೇಳುತ್ತಾರೆ. ನೋಡಲು ಚೆಂದ, ಹೂಡಲು ಬೇಗ. ಆದರೆ ಅದರ ತೂಕವೇ ನೂರರಿಂದ ಇನ್ನೂರು ಪೌಂಡ್, ಹಲವು ಸಾಮಾನ್ಯ ಕಾರುಗಳ ಮಾಡು ಓಡುವಾಗ ತಡೆಯುವ ಭಾರದ ಮಿತಿಯೂ ಅಷ್ಟರಲ್ಲಿಯೇ ಇರುತ್ತದೆ. ಬಾಡಿಗೆ ಕಾರಿಗೆ ಕಟ್ಟಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಲಿನ ಪ್ಯಾಕೆಟ್ ತರಲು ಹೊರಟರೂ ಮನೆಯನ್ನು ಮಡಚಬೇಕು. ಒಂದೇ ಪ್ರವಾಸಕ್ಕಾಗಿ ಸಾವಿರ ಡಾಲರಿಗೂ ಮೇಲೆ ಸುರಿಯುವಷ್ಟು ಪ್ರಯೋಜನ ನನಗೆ ಅದರಲ್ಲಿ ಕಂಡಿಲ್ಲ.

ಮಿನಿವ್ಯಾನಿನಲ್ಲಿ ಮಲಗುವುದು

ಇದು ಜಾಹೀರಾತುಗಳಲ್ಲಿ ಕಾಣದ ಆಯ್ಕೆ. ಹಿಂದಿನ ಸೀಟುಗಳು ನೆಲದೊಳಕ್ಕೆ ಮಡಚಿಕೊಳ್ಳುವ ಮಿನಿವ್ಯಾನನ್ನು ಸಾಮಾನ್ಯ ಬಾಡಿಗೆಗೆ ಹಿಡಿದು, ಒಂದು ಫೋಮ್ ಹಾಸಿಗೆ ಹಾಸಿ, ಕಿಟಕಿಗಳಿಗೆ ಅಳತೆಗೆ ಕತ್ತರಿಸಿದ ಪರದೆ ಇಟ್ಟರೆ ಇಬ್ಬರು ಕಾಲು ಚಾಚಿ ಮಲಗುವ ಕೋಣೆ ಸಿದ್ಧ. ಬಾಗಿಲಿಗೆ ಬೀಗವಿದೆ. ಮಳೆ ಬಂದರೆ ಏಳಬೇಕಾಗಿಲ್ಲ. ದಿನಕ್ಕೆ 80 ಡಾಲರ್ ಬಾಡಿಗೆ ಎಂದಿಟ್ಟುಕೊಂಡರೆ ಹದಿನಾಲ್ಕು ದಿನಕ್ಕೆ 1,120, ಗ್ಯಾಲನ್‌ಗೆ 25 ಮೈಲಿಯಂತೆ ಪೆಟ್ರೋಲ್ 630, ಕ್ಯಾಂಪ್‌ಗ್ರೌಂಡ್ 350. ಇದರ ಮೇಲೆ ಬೇರೆ ಊರಿನಲ್ಲಿ ಬಿಡುವ ಶುಲ್ಕ ಸೇರುತ್ತದೆ. ಅದು ಊರು ಮತ್ತು ತಿಂಗಳಿನ ಮೇಲೆ ಬಹಳ ಏರಿಳಿಯುವುದರಿಂದ ದಿನಾಂಕ ಬದಲಿಸಿ ನಾಲ್ಕಾರು ಬಾರಿ ದರ ನೋಡಬೇಕು.

ಪೂರ್ವದಿಂದ ಪಶ್ಚಿಮಕ್ಕೆ ಓಡುವ ದಿನಗಳಲ್ಲಿ ಇದರ ಇನ್ನೊಂದು ಲಾಭ ಕಾಣುತ್ತದೆ. ಹೆದ್ದಾರಿ ಬದಿಯ ವಿಶ್ರಾಂತಿ ತಾಣಗಳಲ್ಲಿ ವಾಹನದೊಳಗೆ ಮಲಗಲು ಹಲವು ರಾಜ್ಯಗಳು ಅವಕಾಶ ಕೊಡುತ್ತವೆ, ಆದರೆ ಮಿತಿ ಒಂದೊಂದು ಕಡೆ ಒಂದೊಂದು: ಟೆಕ್ಸಸ್‌ನಲ್ಲಿ 24 ಗಂಟೆ, ಕ್ಯಾಲಿಫೋರ್ನಿಯಾದಲ್ಲಿ 8 ಗಂಟೆ, ಫ್ಲಾರಿಡಾದಲ್ಲಿ ಕೇವಲ 3 ಗಂಟೆ. ಟೆಂಟ್ ಹೂಡಲು ಇಂಥ ತಾಣಗಳಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ.

ತೊಂದರೆಗಳೂ ಇವೆ. ಒಳಗೆ ನಿಲ್ಲಲಾಗದು, ಕುಳಿತೇ ಬಟ್ಟೆ ಬದಲಿಸಬೇಕು. ಮಲಗುವ ಮುನ್ನ ಎಲ್ಲ ಚೀಲಗಳನ್ನು ಮುಂದಿನ ಸೀಟುಗಳಿಗೆ ಸಾಗಿಸಬೇಕು, ಬೆಳಿಗ್ಗೆ ಹಿಂದಕ್ಕೆ ತರಬೇಕು. ಇಬ್ಬರ ಉಸಿರಿನಿಂದ ಗಾಜುಗಳ ಮೇಲೆ ನೀರು ಕಟ್ಟುವುದರಿಂದ ಎರಡು ಕಿಟಕಿಗಳನ್ನಾದರೂ ಬೆರಳಿನಷ್ಟು ತೆರೆದು, ಸೊಳ್ಳೆಪರದೆ ಸಿಕ್ಕಿಸಿ ಮಲಗಬೇಕು. ಒಳಗೆ ಸ್ಟೌವ್ ಹಚ್ಚುವುದು ಯಾವ ಚಳಿಯಲ್ಲೂ ಕೂಡದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಈ ಮಾತು ಟೆಂಟಿಗೂ ಅಷ್ಟೇ ಅನ್ವಯಿಸುತ್ತದೆ. ಹೀಗಿದ್ದರೂ, ಮಧ್ಯಮ ಬಜೆಟ್ಟಿನ ಜೋಡಿಗೆ ನಾನು ಮೊದಲು ಸೂಚಿಸುವುದು ಮಿನಿವ್ಯಾನನ್ನೇ, ಅದರೊಳಗೆ ಒಂದು ಸಾಧಾರಣ ಟೆಂಟನ್ನೂ ಇಟ್ಟುಕೊಂಡು. ಎರಡು ರಾತ್ರಿ ಒಂದೇ ಕಡೆ ನಿಲ್ಲುವಾಗ ಟೆಂಟ್, ಓಡುವ ರಾತ್ರಿಗಳಲ್ಲಿ ವ್ಯಾನ್.

ಕ್ಯಾಂಪರ್‌ವ್ಯಾನ್

ಹಾಸಿಗೆ, ಸಣ್ಣ ಅಡುಗೆಕಟ್ಟೆ, ಫ್ರಿಜ್, ಕೆಲವದರಲ್ಲಿ ಪುಟ್ಟ ಶೌಚಾಲಯ ಇರುವ ಈ ವಾಹನದಲ್ಲಿ ಸಂಜೆಯ ಕೆಲಸ ಅತಿ ಕಡಿಮೆ: ನಿಲ್ಲಿಸಿ, ಪರದೆ ಎಳೆದು, ಅನ್ನಕ್ಕೆ ಇಡಬಹುದು. ಎತ್ತರದ ಜಾಗಗಳಲ್ಲಿ ಕುಕ್ಕರ್ ಜೊತೆಗಿರಲಿ. 8,000 ಅಡಿಯ ಮೇಲೆ ನೀರು ಸುಮಾರು 92 ಡಿಗ್ರಿಯಲ್ಲೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಬಹಳ ಹೊತ್ತು ಬೇಕು. ಸುಸ್ತಾದ ಇಬ್ಬರ ನಡುವೆ ಜಗಳ ಹುಟ್ಟಿಸುವ ಕೆಲಸಗಳು ಇದರಲ್ಲಿ ಬಹುಪಾಲು ಇಲ್ಲವೆಂಬುದೇ ಇದರ ನಿಜವಾದ ಬೆಲೆ.

ಆ ಬೆಲೆ ಕಡಿಮೆಯೇನಲ್ಲ. ಬೇಸಿಗೆಯಲ್ಲಿ ರಾತ್ರಿಗೆ 180 ಡಾಲರ್ ಎಂದಿಟ್ಟುಕೊಂಡರೆ ಬಾಡಿಗೆಯೇ 2,520. ಗ್ಯಾಲನ್‌ಗೆ 18 ಮೈಲಿಯಂತೆ ಪೆಟ್ರೋಲ್ 875. ಜಾಗದ ಬಾಡಿಗೆ ಮತ್ತೆ 350. ಇಷ್ಟಾದ ಮೇಲೆ ಮೈಲಿ ಶುಲ್ಕ ಬರುತ್ತದೆ. ದಿನಕ್ಕೆ ನೂರು ಮೈಲಿ ಉಚಿತ ಎನ್ನುವ ಕರಾರಿನಲ್ಲಿ 4,500 ಮೈಲಿ ಓಡಿದರೆ ಮೂರು ಸಾವಿರಕ್ಕೂ ಹೆಚ್ಚು ಮೈಲಿಗಳಿಗೆ ಬೇರೆಯಾಗಿ ತೆರಬೇಕು, ಮೈಲಿಗೆ 35 ಸೆಂಟ್ ಆದರೂ ಅದು ಸಾವಿರ ಡಾಲರ್ ದಾಟುತ್ತದೆ. ತೀರದಿಂದ ತೀರಕ್ಕೆ ಹೋಗುವವರು ಮಿತಿಯಿಲ್ಲದ ಮೈಲಿಯ ಕರಾರು ಸಿಕ್ಕದಿದ್ದರೆ ಕ್ಯಾಂಪರ್‌ವ್ಯಾನಿನ ಯೋಚನೆಯನ್ನೇ ಬಿಡುವುದು ಒಳ್ಳೆಯದು; ಪಶ್ಚಿಮದಲ್ಲೇ ವರ್ತುಲವಾಗಿ ಸುತ್ತುವವರಿಗೆ ಮಾತ್ರ ದಿನದ ಮಿತಿ ಹೆಚ್ಚು ಕಾಡುವುದಿಲ್ಲ. ಬಾಡಿಗೆ ಕಂಪನಿಯ ಶಾಖೆ ಇಲ್ಲದ ಊರಿನಲ್ಲಿ ಬಿಟ್ಟುಬರಲಾಗದು ಎಂಬುದನ್ನೂ ನೆನಪಿಡಬೇಕು.

ಉದ್ದವನ್ನು ಕೇಳಿ ತಿಳಿದುಕೊಳ್ಳಿ. ಮೊಂಟಾನಾದ ಗ್ಲೇಸಿಯರ್ ಪಾರ್ಕಿನ ಗೋಯಿಂಗ್-ಟು-ದ-ಸನ್ ರಸ್ತೆಯ ಎತ್ತರದ ಭಾಗದಲ್ಲಿ 21 ಅಡಿಗಿಂತ ಉದ್ದ ಅಥವಾ 8 ಅಡಿಗಿಂತ ಅಗಲವಿರುವ ವಾಹನಗಳನ್ನು ಬಿಡುವುದಿಲ್ಲ. ಪಕ್ಕದ ಕನ್ನಡಿಗಳೂ ಆ ಅಗಲದ ಲೆಕ್ಕಕ್ಕೆ ಸೇರುತ್ತವೆ. ಹತ್ತೊಂಬತ್ತು ಅಡಿಯ ವ್ಯಾನ್ ಉದ್ದದಲ್ಲಿ ದಾಟಿಬಿಡುತ್ತದೆ, ಇಪ್ಪತ್ತೆರಡು ಅಡಿಯದ್ದು ಕೆಳಗೇ ನಿಲ್ಲುತ್ತದೆ.

ಆರ್‌ವಿ

ಇಪ್ಪತ್ತೈದು ಅಡಿಯ ಆರ್‌ವಿಯಲ್ಲಿ ಸ್ನಾನದ ಮನೆ, ಊಟದ ಮೇಜು, ಎ.ಸಿ. ಎಲ್ಲ ಇವೆ. ಗ್ಯಾಲನ್‌ಗೆ ಹತ್ತು ಮೈಲಿ ಕೊಡುವುದರಿಂದ ಪೆಟ್ರೋಲಿಗೇ 1,575 ಡಾಲರ್. ರಾತ್ರಿಗೆ 220ರಂತೆ ಬಾಡಿಗೆ 3,080. ವಿದ್ಯುತ್, ನೀರು, ಕೊಳಚೆ ಸಂಪರ್ಕವಿರುವ ಖಾಸಗಿ ಜಾಗಗಳಿಗೆ ರಾತ್ರಿಗೆ 60ರಂತೆ 840. ಒಟ್ಟು ಐದೂವರೆ ಸಾವಿರದ ಹತ್ತಿರ, ಅದೂ ಮೈಲಿ ಶುಲ್ಕ ಸೇರಿಸದೆ.

ಕೆಲಸ ಕಡಿಮೆಯಾಗುತ್ತದೆ ಎಂಬ ನಂಬಿಕೆಯಿಂದ ಇದನ್ನು ಹಿಡಿಯುವವರು ನಿರಾಶರಾಗುತ್ತಾರೆ. ವಾಹನವನ್ನು ಸಮತಟ್ಟಾಗಿ ನಿಲ್ಲಿಸುವುದು, ಕೊಳವೆ ಜೋಡಿಸುವುದು, ಎರಡು ಮೂರು ದಿನಗಳಿಗೊಮ್ಮೆ ಮಲದ ಟ್ಯಾಂಕ್ ಖಾಲಿ ಮಾಡುವುದು ಇವೆಲ್ಲ ನಿಮ್ಮವೇ. ದಿನವೂ ಊರು ಬದಲಿಸುವ ಇಬ್ಬರಿಗೆ ಇದು ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ಆದರೆ ಜುಲೈ, ಆಗಸ್ಟ್‌ನಲ್ಲಿ ಟೆಕ್ಸಸ್, ಅರಿಜೋನಾ ಮೂಲಕ ದಕ್ಷಿಣದ ದಾರಿಯನ್ನೇ ಹಿಡಿಯಬೇಕಾದವರಿಗೆ, ಬೆನ್ನುನೋವು ಅಥವಾ ಬೇರೆ ಆರೋಗ್ಯದ ಕಾರಣದಿಂದ ರಾತ್ರಿ ಶೌಚಾಲಯ ಹತ್ತಿರವಿರಲೇಬೇಕಾದವರಿಗೆ, ಒಂದೊಂದು ಕಡೆ ಮೂರು ನಾಲ್ಕು ದಿನ ನಿಲ್ಲುವವರಿಗೆ ಈ ದುಡ್ಡು ದಂಡವಲ್ಲ. ಅತ್ತೆ ಮಾವ ಅರ್ಧ ದಾರಿಯಲ್ಲಿ ಬಂದು ಸೇರಿಕೊಳ್ಳುವುದಿದ್ದರೆ ಬೇರೆ ದಾರಿಯೂ ಇಲ್ಲ.

ಸ್ವಂತ ಕಾರಿಗೆ ಕಟ್ಟಿ ಎಳೆಯುವ ಪುಟ್ಟ ಟ್ರೇಲರ್ ಕೂಡ ಒಂದು ದಾರಿ. ಬಾಡಿಗೆ ಕಾರಿನಿಂದ ಎಳೆಯಲು ಸಾಮಾನ್ಯವಾಗಿ ಅನುಮತಿಯಿಲ್ಲ, ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನಗಳಿಗೆ ಗಂಟೆಗೆ 55 ಮೈಲಿಯ ಮಿತಿಯಿದೆ, ಹಿಂದಕ್ಕೆ ತೆಗೆಯುವುದನ್ನು ಕಲಿಯಲು ಖಾಲಿ ಮೈದಾನ ಬೇಕು. ಮುಂದೆಯೂ ವರ್ಷವರ್ಷ ಕ್ಯಾಂಪಿಂಗ್ ಮಾಡುವೆವು ಎಂಬ ಖಾತ್ರಿ ಇದ್ದವರು ಯೋಚಿಸಲಿ.

ಆಯ್ಕೆಗೆ ಬರುವುದು

ಯಾವುದನ್ನು ಆರಿಸಿದರೂ ಮೂರು ನಾಲ್ಕು ರಾತ್ರಿಗಳಿಗೊಮ್ಮೆ ಗಟ್ಟಿ ಮಾಡಿನ ಕೆಳಗೆ ಮಲಗುವಂತೆ ಯೋಜಿಸುವುದು ಒಳ್ಳೆಯದು. ಅದಕ್ಕೆ ಹೋಟೆಲೇ ಆಗಬೇಕೆಂದಿಲ್ಲ. 1962ರಲ್ಲಿ ಮೊಂಟಾನಾದ ಬಿಲಿಂಗ್ಸ್‌ನಲ್ಲಿ ಆರಂಭವಾದ ಕೆಓಎ ಸರಪಳಿಯ ಕ್ಯಾಂಪ್‌ಗ್ರೌಂಡುಗಳಲ್ಲಿ ಮರದ ಕ್ಯಾಬಿನ್‌ಗಳು, ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವ ಯಂತ್ರ ಸಿಗುತ್ತವೆ; ಸರಳ ಕ್ಯಾಬಿನ್‌ಗಳಿಗೆ ಹೊದಿಕೆ ನೀವೇ ಒಯ್ಯಬೇಕು. ಆರೆಗಾನ್‌ನ ಹಲವು ಸ್ಟೇಟ್ ಪಾರ್ಕುಗಳಲ್ಲಿ ಯುರ್ಟ್ ಎಂಬ ದುಂಡನೆಯ ಮನೆಗಳಿವೆ. ಟೆಂಟಿನಿಂದ ಉಳಿಸಿದ ಹಣದ ಒಂದು ಭಾಗವನ್ನು ಇಂಥ ರಾತ್ರಿಗಳಿಗೆ ಇಟ್ಟರೆ, ಟೆಂಟನ್ನು ಒಲ್ಲೆನೆನ್ನುವ ಸಂಗಾತಿಯೂ ಹಲವೊಮ್ಮೆ ಒಪ್ಪಿಕೊಳ್ಳುತ್ತಾರೆ.

ಎರಡು ಸಾವಿರ ಡಾಲರಿನೊಳಗೆ ಮುಗಿಸಬೇಕು, ಸ್ವಂತ ಕಾರಿದೆ, ಇಬ್ಬರಿಗೂ ಹೊರಗೆ ಮಲಗಿ ಅಭ್ಯಾಸವಿದೆ ಎಂದಾದರೆ ಟೆಂಟ್. ಇಬ್ಬರಲ್ಲಿ ಒಬ್ಬರು ಎಂದೂ ಕ್ಯಾಂಪಿಂಗ್ ಮಾಡಿಲ್ಲ, ದಿನದಿನವೂ ಮುಂದೆ ಸಾಗಬೇಕು ಎಂದಾದರೆ ಮಿನಿವ್ಯಾನ್. ನಾಲ್ಕೈದು ಸಾವಿರ ಡಾಲರ್ ಇದೆ, ಪಶ್ಚಿಮವನ್ನಷ್ಟೇ ನೋಡಿದರೂ ಸಾಕು, ಸಂಜೆಗಳು ನಿರಾಳವಾಗಿರಬೇಕು ಎಂದಾದರೆ ಕ್ಯಾಂಪರ್‌ವ್ಯಾನ್. ಒಬ್ಬರ ಆಯ್ಕೆಗೆ ಇನ್ನೊಬ್ಬರು ಬರೀ ಮುಲಾಜಿಗೆ ತಲೆಯಾಡಿಸುತ್ತಿದ್ದಾರೆ ಎನಿಸಿದರೆ, ಹೊರಡುವ ತಿಂಗಳ ಮುಂಚೆ ಮನೆಯ ಹತ್ತಿರದ ಸ್ಟೇಟ್ ಪಾರ್ಕಿನಲ್ಲಿ ಒಂದು ವಾರಾಂತ್ಯ, ಮಳೆಯ ಮುನ್ಸೂಚನೆ ಇದ್ದರೂ ರದ್ದು ಮಾಡದೆ, ಮಲಗಿ ನೋಡಿ. ಬಾಡಿಗೆಯ ಮುಂಗಡ ಕಟ್ಟುವುದು ಆಮೇಲೆ.

ತಿಂಗಳನ್ನು ಆರಿಸುವ ಸ್ವಾತಂತ್ರ್ಯವಿದ್ದರೆ ಸೆಪ್ಟೆಂಬರ್ ಹಿಡಿಯಿರಿ. ಗೋಯಿಂಗ್-ಟು-ದ-ಸನ್ ರಸ್ತೆ ಹಿಮ ತೆರವಾಗಿ ಪೂರ್ತಿ ತೆರೆಯುವುದು ಬಹುತೇಕ ಜೂನ್ ಕೊನೆ ಅಥವಾ ಜುಲೈನಲ್ಲಿ. ಯೊಸೆಮಿಟಿಯ ಟಯೋಗ ರಸ್ತೆ ಸಾಮಾನ್ಯವಾಗಿ ನವೆಂಬರಿನಿಂದ ಮೇ ಕೊನೆಯವರೆಗೆ ಮುಚ್ಚಿರುತ್ತದೆ. ಒಕ್ಕೂಟ ಸರ್ಕಾರದ ಹಲವು ಕ್ಯಾಂಪ್‌ಗ್ರೌಂಡುಗಳ ಕಾದಿರಿಸುವಿಕೆ ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ಆರು ತಿಂಗಳು ಮುಂಚೆ ತೆರೆಯುತ್ತದೆ, ಹೆಸರುವಾಸಿ ಜಾಗಗಳು ನಿಮಿಷಗಳಲ್ಲಿ ತುಂಬುತ್ತವೆ. ಹಾಗಾಗಿ ಪಾರ್ಕುಗಳ ರಾತ್ರಿಗಳನ್ನು ಮೊದಲು ಕಾದಿರಿಸಿ, ಬಯಲಿನ ರಾತ್ರಿಗಳನ್ನು ದಾರಿಯಲ್ಲಿ ನೋಡಿಕೊಳ್ಳಿ. ನ್ಯಾಷನಲ್ ಪಾರ್ಕುಗಳ ಪ್ರವೇಶಕ್ಕೆ ವಾರ್ಷಿಕ ಪಾಸ್ 80 ಡಾಲರ್. 2026ರಿಂದ ಅದು ಅಮೆರಿಕದ ನಿವಾಸಿಗಳಿಗೆ ಮಾತ್ರದ ದರ, ಇಲ್ಲಿ ನೆಲೆಸಿರದ ಹೊರದೇಶದವರಿಗೆ 250. ಮೂರು ನಾಲ್ಕು ದೊಡ್ಡ ಪಾರ್ಕುಗಳಿಗೆ ಹೋಗುವುದಿದ್ದರೆ ಆ ಹಣ ವಸೂಲಾಗುತ್ತದೆ, ಆದರೆ ರಾತ್ರಿ ತಂಗುವ ಶುಲ್ಕ ಅದರಲ್ಲಿ ಸೇರಿರುವುದಿಲ್ಲ.